ನಿಲ್ಲುವಷ್ಟು ಪುರುಸೊತ್ತು

ಮಲೆನಾಡಿನಲ್ಲಿ ಸೈಕಲ್ ಹೊಡೆಯುವ ಹೆಂಗಸನ್ನು ಕಂಡರೆ ಜನಕ್ಕೆ ಮೊದಲು ನಗು ಬರುತ್ತದೆ, ಆಮೇಲೆ ಕನಿಕರ. "ಸ್ಕೂಟಿಗೆ ಸಾಲ ಸಿಗುತ್ತಲ್ಲಾ ಟೀಚರ್?" ಎಂದು ಕೇಳುವವರಿದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ "ಬಸ್ಸು ಹೆಂಗಸರಿಗೆ ಪುಕ್ಕಟೆ ಇರುವಾಗ ಇದ್ಯಾಕೆ ತುಳಿದು ಸಾಯ್ತೀರಿ?" ಎನ್ನುವವರೇ ಹೆಚ್ಚು. ಬಸ್ಸು ಬರುವ ಹೊತ್ತಿಗೂ ನಮ್ಮ ಶಾಲೆಯ ಗಂಟೆಗೂ ಕೂಡಿಬರುವುದಿಲ್ಲ ಎಂದು ಹೇಳಿ ಪಾರಾಗುತ್ತೇನೆ. ಅದು ನಿಜವೂ ಹೌದು. ಆದರೆ ಪೂರಾ ನಿಜವಲ್ಲ. ಮೂಡಿಗೆರೆಯಿಂದ ನನ್ನ ಹಳ್ಳಿಶಾಲೆಗಿರುವ ಐದಾರು ಕಿಲೋಮೀಟರು ನನ್ನ ಪಾಲಿಗೆ ಒಂದು ವಾಚನಾಲಯವಿದ್ದಂತೆ. ಮನೆಯಲ್ಲಿ ಓದಿದ್ದನ್ನು ಇಲ್ಲಿ ಮೆಲುಕು ಹಾಕುತ್ತೇನೆ. ಒಂದು ದಿನ ಗ್ರಹಣದ ಲೆಕ್ಕ, ಇನ್ನೊಂದು ದಿನ ಮೆಣಸಿನ ಬಳ್ಳಿಯ ರೋಗ, ಮತ್ತೊಂದು ದಿನ ಯಾವುದೋ ದೇಶದ ರಾಣಿಯ ಕಥೆ. ಅಡುಗೆಮನೆಯಲ್ಲಿ ಹೀಗೆ ಯೋಚಿಸುತ್ತ ನಿಂತರೆ ಹಾಲು ಉಕ್ಕುತ್ತದೆ. ರಸ್ತೆಯ ಮೇಲೆ ಉಕ್ಕುವಂಥದ್ದೇನಿಲ್ಲ.

ನನ್ನದು ಗೇರಿಲ್ಲದ ಲೇಡೀಸ್ ಸೈಕಲ್. ಕಾಫಿ ಬೆಟ್ಟಗಳ ನಡುವೆ ಇಂಥ ಸೈಕಲ್ ಅರ್ಧ ವಾಹನ, ಅರ್ಧ ಜೊತೆಗಾತಿ. ಇಳಿಜಾರಿನಲ್ಲಿ ಅದು ನನ್ನನ್ನು ಹೊತ್ತರೆ ಏರಿನಲ್ಲಿ ನಾನು ಅದನ್ನು ತಳ್ಳುತ್ತೇನೆ. ಹೀಗೆ ತಳ್ಳುವಾಗಲೇ ಒಂದು ಪ್ರಶ್ನೆ ಕೆಲವು ಕಾಲದಿಂದ ನನ್ನನ್ನು ಹಿಡಿದುಕೊಂಡಿದೆ. ಕಷ್ಟದಲ್ಲಿರುವವರನ್ನು ಕಂಡೂ ಮುಂದೆ ಹೋಗುವವರು ಕೆಟ್ಟವರೇ? ಅಥವಾ ಬರೀ ಅವಸರದಲ್ಲಿರುವವರೇ? ದಯೆ ಎಂಬುದು ಮನುಷ್ಯನ ಗುಣವೋ, ಇಲ್ಲಾ ಅವನು ಹೋಗುತ್ತಿರುವ ವೇಗವೋ?

ಲೆಕ್ಕದ ಟೀಚರಾದ್ದರಿಂದ ಲೆಕ್ಕದಿಂದಲೇ ಶುರು ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ರಸ್ತೆಗಳಲ್ಲಿ ತಿರುವುಗಳೇ ಹೆಚ್ಚು. ಒಂದು ತಿರುವು ಕಳೆದ ಮೇಲೆ ಮುಂದಿನ 50 ಮೀಟರು ಕಣ್ಣಿಗೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿ ರಸ್ತೆಯ ಅಂಚಿನಲ್ಲಿ ಯಾರೋ ಕೂತಿದ್ದಾರೆ. ಗಂಟೆಗೆ 60 ಕಿಲೋಮೀಟರು ವೇಗದ ಕಾರಿಗೆ ಆ ದೂರ ಕಳೆಯಲು ಬೇಕಾದದ್ದು ಬರೀ 3 ಸೆಕೆಂಡು. ಗಂಟೆಗೆ 12 ಕಿಲೋಮೀಟರು ಹೋಗುವ ನನ್ನ ಸೈಕಲ್ಲಿಗೆ 15 ಸೆಕೆಂಡು. ಕಾರಿನವರು ಕಂಡು, ಬ್ರೇಕು ತುಳಿದು, ಕಾರು ನಿಲ್ಲುವ ಹೊತ್ತಿಗೆ ಒಣಗಿದ ರಸ್ತೆಯಲ್ಲೂ ಸುಮಾರು 35 ಮೀಟರು ಮುಂದೆ ಹೋಗಿರುತ್ತದೆ. ಕೂತವರು ಸುಮ್ಮನೆ ಕೂತಿದ್ದಾರೋ, ಸುಸ್ತಾಗಿ ಕೂತಿದ್ದಾರೋ ಎಂದು ಒಂದು ಕ್ಷಣ ಯೋಚಿಸಿದರೂ ಸಾಕು, ಆ ಮನುಷ್ಯರು ಹಿಂದೆ ಬಿದ್ದಾಯಿತು. ಆಮೇಲೆ ಒಳ್ಳೆಯವರಾಗಬೇಕಾದರೆ ರಿವರ್ಸ್ ಗೇರ್ ಹಾಕಬೇಕು. ರಿವರ್ಸ್ ಗೇರಿನಲ್ಲಿ ಒಳ್ಳೆಯವರಾಗುವುದು ಬಲು ಕಷ್ಟ. ಹಿಂದೆ ಇನ್ನೊಂದು ಗಾಡಿ ಹಾರನ್ ಹೊಡೆಯುತ್ತಿರುತ್ತದೆ.

15 ಸೆಕೆಂಡು ಬಹಳ ಹೊತ್ತು. ಅಷ್ಟರಲ್ಲಿ ಎದುರಿನವರ ಸೀರೆಯ ಬಣ್ಣ, ಬುತ್ತಿಯ ಚೀಲ, ಕಾಲಿನ ಊತ ಎಲ್ಲವೂ ಕಾಣುತ್ತವೆ. ಅವರೂ ನಿಮ್ಮನ್ನು ನೋಡುತ್ತಾರೆ. ಕಣ್ಣಿಗೆ ಕಣ್ಣು ಸೇರಿದ ಮೇಲೆ "ನಾನು ನೋಡಲಿಲ್ಲ" ಎಂದು ನಿಮಗೆ ನೀವೇ ಹೇಳಿಕೊಳ್ಳಲು ಬರುವುದಿಲ್ಲ. ಏರಿನಲ್ಲಿ ಸೈಕಲ್ ತಳ್ಳುವಾಗಲಂತೂ ಮಾತಾಡಿಸದೆ ದಾಟುವುದೇ ಅಸಭ್ಯ.

ಈಗ ಒಂದು ಜನವರಿಯ ಬೆಳಗಿನ ಸಂಗತಿ. ಕಾಫಿ ಕುಯ್ಲಿನ ಕಾಲವೆಂದರೆ ನಮ್ಮ ಕಡೆ ರಸ್ತೆಗಳಿಗೆ ಜ್ವರ ಬಂದಹಾಗೆ. ಆಳುಗಳನ್ನು ತುಂಬಿಕೊಂಡ ಜೀಪು, ಪಿಕಪ್ಪುಗಳು ಒಂದು ಕಡೆ. ಬೆಂಗಳೂರಿನಿಂದ ಹೋಂಸ್ಟೇಗೆ ಬಂದ ಕಾರುಗಳು ಇನ್ನೊಂದು ಕಡೆ. ನಾನು ಹ್ಯಾಂಡ್‌ಪೋಸ್ಟ್ ದಾಟಿ ಒಂದು ಏರಿನಲ್ಲಿ ಸೈಕಲ್ ತಳ್ಳುತ್ತಿದ್ದೆ. ಮೋರಿಯ ಕಟ್ಟೆಯ ಮೇಲೆ, ಸಿಲ್ವರ್ ಮರದ ನೆರಳಿನಲ್ಲಿ ಹೆಂಗಸೊಬ್ಬಳು ಕೂತಿದ್ದಳು. ಐವತ್ತು ದಾಟಿರಬೇಕು. ಸೊಂಟಕ್ಕೆ ಹಣ್ಣು ಕುಯ್ಯುವ ಚೀಲ ಕಟ್ಟಿದ್ದಳು, ತಲೆಗೆ ನೀಲಿ ಟವೆಲ್. ದೂರದಿಂದ ನೋಡಿದರೆ ಗಾಡಿಗೆ ಕಾಯುತ್ತಿರುವಂತೆ. ಹತ್ತಿರ ಹೋದರೆ, ಆ ಚಳಿಯ ಬೆಳಗಿನಲ್ಲೂ ಕುತ್ತಿಗೆಯಿಂದ ಬೆವರು ಇಳಿಯುತ್ತಿದೆ, ಕೈ ನಡುಗುತ್ತಿದೆ.

"ಏನಾಯ್ತಮ್ಮಾ?" ಎಂದರೆ "ತಲೆ ಸುತ್ತಿ ಬರ್ತದೆ ಅಕ್ಕಾ" ಎಂದಳು, ಅಷ್ಟೆ. ಫ್ಲಾಸ್ಕಿನಲ್ಲಿದ್ದ ಬೆಲ್ಲದ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಸಿದೆ. ಆ ತಿರುವಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. 108ಕ್ಕೆ ಫೋನು ಮಾಡಬೇಕಾದರೆ ಒಂದು ಕಿಲೋಮೀಟರು ಮೇಲೆ ಹೋಗಬೇಕು, ಅವಳನ್ನು ಬಿಟ್ಟು ಹೋಗುವಂತಿಲ್ಲ. ರಸ್ತೆಗೆ ಬಂದು ಕೈ ಅಡ್ಡ ಹಾಕಿದೆ. ಒಂದರ ಹಿಂದೆ ಒಂದು ಏಳೆಂಟು ಗಾಡಿಗಳು ಹೋದವು. ಅದರಲ್ಲೊಂದು ಕಾರು ನಿಂತಿತು. ಗಾಜು ಇಳಿಯಿತು. ನಾನು ಬಾಯಿ ತೆರೆಯುವ ಮುಂಚೆಯೇ ಒಳಗಿದ್ದ ತರುಣ ನಗುಮುಖದಿಂದ ಕೇಳಿದ: "ಮೇಡಂ, ದೇವರಮನೆಗೆ ಯಾವ ದಾರಿ?"

ದೇವರಮನೆ ನಮ್ಮ ತಾಲ್ಲೂಕಿನ ಒಂದು ಸುಂದರವಾದ ಗುಡ್ಡ, ಕಾಲಭೈರವನ ಹಳೆಯ ಗುಡಿ ಇರುವ ಜಾಗ. ನಾನು ಕೈಯೆತ್ತಿ ಮೋರಿಯ ಕಡೆ ತೋರಿಸಿದೆ. ಅವನು ದಾರಿ ತೋರಿಸಿದೆ ಎಂದುಕೊಂಡು ಥ್ಯಾಂಕ್ಸ್ ಹೇಳಿ ಹೊರಟೇಬಿಟ್ಟ. ಆ ಹುಡುಗ ಕೆಟ್ಟವನೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅವನು ದಾರಿ ಹುಡುಕುತ್ತಿದ್ದ, ಹಾಗಾಗಿ ದಾರಿ ಮಾತ್ರ ಅವನಿಗೆ ಕಂಡಿತು.

ಕೊನೆಗೆ ನಿಂತದ್ದು ಗೊಬ್ಬರದ ಮೂಟೆ ತುಂಬಿದ ಒಂದು ಪಿಕಪ್. ಡ್ರೈವರಿಗೆ ಮಧ್ಯಾಹ್ನದೊಳಗೆ ಮೂರು ಟ್ರಿಪ್ ಮುಗಿಸಬೇಕಿತ್ತಂತೆ. ಗೊಣಗಿದ, ಗಡಿಯಾರ ನೋಡಿದ, ಆದರೆ ಗೊಣಗುತ್ತಲೇ ಇಳಿದು ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿದ. ಜೊತೆಗಿದ್ದ ಹುಡುಗನನ್ನು ಮೂಟೆಗಳ ಮೇಲೆ ಹತ್ತಿಸಿ ನಮ್ಮಿಬ್ಬರಿಗೆ ಮುಂದೆ ಜಾಗ ಮಾಡಿದ. ನನ್ನ ಸೈಕಲ್ ಸಿಲ್ವರ್ ಮರಕ್ಕೆ ಒರಗಿ ಅಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ಗೊತ್ತಾಯಿತು, ಅವಳಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಏಳೂವರೆಗೆ ತೋಟದ ಗಾಡಿ ಬರುತ್ತದೆಂದು ಮಾತ್ರೆ ನುಂಗಿ, ರೊಟ್ಟಿ ತಿನ್ನದೆ ಓಡಿದ್ದಳು. ಗಾಡಿಯೂ ತಪ್ಪಿ ನಡೆದೇ ಹೊರಟಿದ್ದಳು. ಮಾತ್ರೆ ತನ್ನ ಕೆಲಸ ಮಾಡಿತ್ತು. ಹೊಟ್ಟೆಗೆ ಏನೂ ಬೀಳದೆ ರಕ್ತದ ಸಕ್ಕರೆ ತೀರ ಇಳಿದುಹೋಗಿತ್ತು. "ಇನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದರೆ ಎಚ್ಚರ ತಪ್ಪುತ್ತಿದ್ದಳು, ಆಮೇಲೆ ಏನೂ ಆಗಬಹುದಿತ್ತು" ಎಂದರು ಡಾಕ್ಟರು. ಅವಳನ್ನು ಮೋರಿಯ ಮೇಲೆ ಕೂರಿಸಿದ್ದು ಅವಸರ. ಅವಳನ್ನು ದಾಟಿ ಹೋದದ್ದೂ ಅವಸರವೇ.

ಇದೇ ವಿಷಯದ ಮೇಲೆ ಅಮೆರಿಕದಲ್ಲಿ ಒಂದು ಪ್ರಯೋಗ ನಡೆದಿದೆ. ಜಾನ್ ಡಾರ್ಲೆ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1973ರಲ್ಲಿ ಅದನ್ನು ಪ್ರಕಟಿಸಿದರು. ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಸಣ್ಣ ಭಾಷಣ ಮಾಡಲು ಕಳಿಸಿದರು. ಕೆಲವರಿಗೆ ಕೊಟ್ಟ ವಿಷಯ ಬೈಬಲ್ಲಿನ ಒಳ್ಳೆಯ ಸಮಾರಿಟನ್ನನ ಕಥೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ ಉಪಚರಿಸಿದ ಪರಸ್ಥಳದವನ ಕಥೆ ಅದು. ಹೋಗುವ ಓಣಿಯಲ್ಲಿ, ಮೊದಲೇ ಗೊತ್ತುಮಾಡಿದಂತೆ, ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಿದ್ದ. "ನಿಮಗೆ ಇನ್ನೂ ಸಮಯವಿದೆ" ಎಂದು ಕಳಿಸಿದವರಲ್ಲಿ ನೂರಕ್ಕೆ 63 ಮಂದಿ ಸಹಾಯಕ್ಕೆ ನಿಂತರು. "ಈಗಲೇ ತಡವಾಗಿದೆ, ಓಡಿ" ಎನ್ನಿಸಿಕೊಂಡವರಲ್ಲಿ ನೂರಕ್ಕೆ 10 ಮಂದಿ ಮಾತ್ರ. ಯಾವ ವಿಷಯದ ಮೇಲೆ ಭಾಷಣ ಮಾಡಲು ಹೊರಟಿದ್ದರು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಸಮಾರಿಟನ್ನನ ಬಗ್ಗೆ ಮಾತಾಡಲು ಓಡುತ್ತಿದ್ದವರೇ ಬಿದ್ದವನನ್ನು ದಾಟಿಕೊಂಡು ಹೋದ ಉದಾಹರಣೆಗಳಿದ್ದವು.

ನಲವತ್ತು ಜನರ ಪ್ರಯೋಗದಿಂದ ಇಡೀ ಮನುಷ್ಯಜಾತಿಯ ಬಗ್ಗೆ ತೀರ್ಪು ಕೊಡಬಾರದು. ಆದರೂ ಇದನ್ನು ಓದಿದಾಗ ನನಗೆ ಒಂದು ರೀತಿಯ ಸಮಾಧಾನ, ಒಂದು ರೀತಿಯ ದಿಗಿಲು, ಎರಡೂ ಆದವು. ಜನ ನಾವು ತಿಳಿದಷ್ಟು ಕೆಟ್ಟವರಲ್ಲ ಎಂಬುದು ಸಮಾಧಾನ. ಒಳ್ಳೆಯತನ ಒಂದು ಗಡಿಯಾರದ ಮುಳ್ಳಿನ ಮೇಲೆ ನಿಂತಿದೆಯಲ್ಲ ಎಂಬುದು ದಿಗಿಲು. ಬುದ್ಧನ ಕಥೆಯಲ್ಲಿ ಸಿದ್ಧಾರ್ಥ ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡದ್ದು ರಥದಲ್ಲಿ ಕೂತು ಅಲ್ಲವೇ? ಅವನು "ಇದೇನು?" ಎಂದು ಕೇಳಿದ, ಸಾರಥಿ ಛನ್ನ ಬಿಡಿಸಿ ಹೇಳಿದ. ಆ ರಥ ಗಂಟೆಗೆ 60 ಕಿಲೋಮೀಟರು ಓಡುತ್ತಿದ್ದರೆ ರಾಜಕುಮಾರ ಅರಮನೆಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದ, ಅಷ್ಟೆ.

ಆದರೆ ಎಲ್ಲವೂ ವೇಗದ ಆಟವೇ ಎಂದು ಹೇಳಿ ಮುಗಿಸುವಂತಿಲ್ಲ. ಆ ಪಿಕಪ್ಪಿನ ಡ್ರೈವರು ಅಡ್ಡ ಬರುತ್ತಾನೆ. ಆ ಬೆಳಿಗ್ಗೆ ಆ ರಸ್ತೆಯಲ್ಲಿ ಎಲ್ಲರಿಗಿಂತ ಅವಸರವಿದ್ದದ್ದು ಅವನಿಗೆ. ಕಾರಿನವರಿಗೆ ತಡವಾದರೆ ಮಂಜು ಕರಗುತ್ತಿತ್ತು, ಅವನಿಗೆ ತಡವಾದರೆ ಒಂದು ಟ್ರಿಪ್ಪಿನ ಬಾಡಿಗೆ ಹೋಗುತ್ತಿತ್ತು. ಮುಂದೊಂದು ದಿನ ಪೇಟೆಯಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ. ಮೊದಲು ನಕ್ಕ. "ನೀವು ರಸ್ತೆ ಮಧ್ಯ ನಿಂತ್ರೆ ಇನ್ನೇನು ಮಾಡ್ಲಿ ಮೇಡಂ?" ಎಂದ. ಆಮೇಲೆ ಸ್ವಲ್ಪ ತಡೆದು, "ಆ ಚೀಲ ನೋಡಿದೆ. ನಮ್ಮವ್ವನೂ ಹಣ್ಣು ಕುಯ್ಯೋಕೆ ಹೋಗ್ತಿದ್ಲು" ಎಂದ.

ಅವನಿಗೂ ಸಿಕ್ಕಿದ್ದು ಆ 3 ಸೆಕೆಂಡೇ. ಆದರೆ ಅವನಿಗೆ ಯೋಚಿಸಬೇಕಾಗಿಯೇ ಇರಲಿಲ್ಲ, ಗುರುತು ಸಿಕ್ಕಿತ್ತು. ಸೊಂಟದ ಚೀಲ, ತಲೆಯ ಟವೆಲ್, ಮೈ ಕುಗ್ಗಿಸಿ ಕೂತ ರೀತಿ ಅವನು ಹುಟ್ಟಿದಾಗಿನಿಂದ ನೋಡಿದ್ದು. ಹಾಗಾದರೆ ನಿಲ್ಲುವವರು ಎರಡು ತರಹದವರು. ಈಗ ಪುರುಸೊತ್ತು ಇರುವವರು ಒಬ್ಬರು. ಹಿಂದೆ ಯಾವಾಗಲೋ ಆ ರಸ್ತೆಯ ಅಂಚಿನಲ್ಲಿ ನಿಂತು ಗೊತ್ತಿರುವವರು ಇನ್ನೊಬ್ಬರು. ಎರಡೂ ಇಲ್ಲದವರು ಕಾರಿನ ಗಾಜಿನೊಳಗಿಂದ ದೇವರಮನೆಯ ದಾರಿ ಕೇಳುತ್ತಾರೆ. ಮೂಡಿಗೆರೆಯಲ್ಲಿ ಬದುಕಿ 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಫೋಟೋ ತೆಗೆಯುವ ಹುಚ್ಚಿನವರು. ಹಾಗೆ ಕಾದು ನೋಡಿದವರಿಗೆ ಆಮೇಲೆ ಎಲೆಗಳ ನಡುವೆ ಒಂದು ರೆಕ್ಕೆ ಅಲುಗಿದರೂ ಯಾವ ಹಕ್ಕಿ ಎಂದು ಗೊತ್ತಾಗುತ್ತದೆ. ಮನುಷ್ಯರ ವಿಷಯದಲ್ಲೂ ಹಾಗೆಯೇ ಇರಬೇಕು. ಒಂದು ಕಾಲದಲ್ಲಿ ನಿಧಾನವಾಗಿ ನೋಡಿದ್ದು ಇನ್ನೊಂದು ಕಾಲದ ಅವಸರದಲ್ಲಿ ಕೈಹಿಡಿಯುತ್ತದೆ.

ಇಲ್ಲಿಗೆ ಬಂದಾಗ ನನ್ನ ಗೆಳತಿಯೊಬ್ಬಳು ತಕರಾರು ತೆಗೆದಳು. "ನಿಧಾನ ನಿಧಾನ ಅಂತೀಯ. ಬೆಳಗ್ಗೆ ಐದಕ್ಕೆದ್ದು ತಿಂಡಿ, ಡಬ್ಬಿ, ಮಕ್ಕಳ ಜಡೆ, ಮಾವನ ಕಷಾಯ ಮುಗಿಸಿ ಓಡುವವಳಿಗೆ ನಿಧಾನ ಎಲ್ಲಿಂದ ಬರಬೇಕು? ನಮ್ಮ ಅವಸರವನ್ನು ನಾವು ಆರಿಸಿಕೊಂಡಿದ್ದೇವಾ?" ಎಂದಳು. ಅವಳ ಮಾತು ತಳ್ಳಿಹಾಕುವಂಥದ್ದಲ್ಲ. ಮಾತ್ರೆ ನುಂಗಿ ರೊಟ್ಟಿ ಬಿಟ್ಟು ಓಡಿದ ಹೆಂಗಸಿನ ಅವಸರ ಅವಳದ್ದಾಗಿರಲಿಲ್ಲ, ಅದು ಏಳೂವರೆಯ ಗಾಡಿಯದ್ದು. ಕುಯ್ದ ಹಣ್ಣಿನ ತೂಕಕ್ಕೆ ಕೂಲಿ ಎಣಿಸುವಾಗ ಪಕ್ಕದ ಸಾಲಿನವಳು ಎಡವಿದರೂ ಕೈ ಬಿಟ್ಟು ಏಳುವುದು ಸುಲಭವಲ್ಲ. ಅಂಥವಳಿಗೆ ಹೋಗಿ ದಯೆಯ ಪಾಠ ಹೇಳುವುದು ಅಧಿಕಪ್ರಸಂಗ. ನಾನು ಆ ದಿನ ಆಸ್ಪತ್ರೆಯಲ್ಲಿ ಎರಡು ಗಂಟೆ ಕೂತೆನಲ್ಲ, ಆ ಹೊತ್ತು ಕೂಡ ಎಲ್ಲಿಂದಲೋ ಬಂದದ್ದೇ. ನನ್ನ ಜೊತೆಯ ಟೀಚರು ಎರಡು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಗಂಟಲು ಹರಿದುಕೊಂಡಿದ್ದರು. ಒಬ್ಬಳು ನಿಲ್ಲಬೇಕಾದರೆ ಇನ್ನೊಬ್ಬಳು ಓಡಬೇಕು. ನಮ್ಮ ಮನೆಗಳಲ್ಲಿ ಇದು ಯಾವತ್ತಿನ ಕಥೆ.

ಆದ್ದರಿಂದ ಅವಸರದಲ್ಲೂ ಎರಡು ಬಗೆ ಎಂದು ನಾನು ವಿಂಗಡಿಸಿಕೊಂಡಿದ್ದೇನೆ. ಹೇರಿದ ಅವಸರ ಒಂದು, ಹಾಕಿಕೊಂಡ ಅವಸರ ಇನ್ನೊಂದು. ಹೇರಿದ್ದಕ್ಕೆ ಹೇರಿದವರು ಜವಾಬು ಕೊಡಬೇಕು. ಹಾಕಿಕೊಂಡದ್ದಕ್ಕೆ ನಾವೇ. ಇವಾನ್ ಇಲಿಚ್ ಎಂಬ ವಿಚಾರವಂತ 1974ರಲ್ಲಿ ಒಂದು ಪುಸ್ತಕದಲ್ಲಿ ಲೆಕ್ಕ ಹಾಕಿದ್ದ. ಅಮೆರಿಕದ ಗಂಡಸೊಬ್ಬ ಕಾರು ಓಡಿಸುವ ಹೊತ್ತು, ನಿಲ್ಲಿಸುವ ಹೊತ್ತು, ಅದರ ಕಂತು, ಪೆಟ್ರೋಲು, ವಿಮೆಗಾಗಿ ದುಡಿಯುವ ಹೊತ್ತು ಎಲ್ಲ ಸೇರಿಸಿ ವರ್ಷಕ್ಕೆ 1,600 ಗಂಟೆ ಅದಕ್ಕೇ ಕೊಡುತ್ತಾನೆ, ಅದರಿಂದ 7,500 ಮೈಲಿ ಹೋಗುತ್ತಾನೆ. ಭಾಗಿಸಿ ನೋಡಿದರೆ ಗಂಟೆಗೆ 5 ಮೈಲಿಗೂ ಕಡಿಮೆ, ಎಂದರೆ ನನ್ನ ಸೈಕಲ್ಲಿಗಿಂತ ನಿಧಾನ. ಉಳಿಸಿದೆವು ಎಂದುಕೊಂಡ ಹೊತ್ತು ಕಂತಿನ ರೂಪದಲ್ಲಿ ಹೊರಟುಹೋಗಿರುತ್ತದೆ. ಮಿಕ್ಸಿ, ವಾಷಿಂಗ್ ಮೆಷಿನ್, ಗ್ಯಾಸ್ ಎಲ್ಲ ಬಂದ ಮೇಲೂ ನಮಗೇಕೆ ಹೊತ್ತು ಸಾಲುತ್ತಿಲ್ಲ ಎಂದು ನೀವೂ ಒಮ್ಮೆ ಕೂತು ಲೆಕ್ಕ ಹಾಕಿ ನೋಡಿ. ನನ್ನ ಲೆಕ್ಕದಲ್ಲಿ ಹಾಕಿಕೊಂಡ ಅವಸರವೂ ಸಾಕಷ್ಟು ಸಿಕ್ಕಿತು.

ರಸ್ತೆಯ ಮೇಲೆ ಮಾತ್ರ 3 ಸೆಕೆಂಡಿನ ನೋಟ ಇರುವುದಲ್ಲ. ಮಗಳು ಶಾಲೆಯಿಂದ ಬಂದು ಬ್ಯಾಗು ಬಿಸುಟು ಸುಮ್ಮನೆ ಕೂತರೆ ಅಡುಗೆಮನೆಯಿಂದ ಒಂದು ಸಲ ಇಣುಕಿ "ಕೈಕಾಲು ತೊಳ್ಕೋ" ಎನ್ನುತ್ತೇವೆ. ಅದೂ 3 ಸೆಕೆಂಡೇ. ಪಕ್ಕದ ಮನೆಯವಳು ಕಾಂಪೌಂಡಿನ ಆಚೆಯಿಂದ "ಊಟ ಆಯ್ತಾ?" ಎಂದಾಗ ಅವಳ ಕಣ್ಣು ಊದಿರುವುದು ಕಾಣಬೇಕಾದರೆ 15 ಸೆಕೆಂಡು ಬೇಕು. "ಆಯ್ತು, ನಿಮ್ದು?" ಎಂದು ಒಳಗೆ ಬಂದುಬಿಟ್ಟರೆ ಅವಳು ಮೋರಿಯ ಕಟ್ಟೆಯ ಮೇಲೇ ಕೂತಿರುತ್ತಾಳೆ.

ಹಿಂದಿನವರು ಈ ವಿಷಯವನ್ನು ಬರೀ ಮನಸ್ಸಿಗೆ ಬಿಡಲಿಲ್ಲ ಎನ್ನುವುದು ನನಗೆ ತುಂಬ ಹಿಡಿಸಿದ ಸಂಗತಿ. ದಕ್ಷಿಣ ಭಾರತದ ಹಳೆಯ ದಾರಿಗಳ ಪಕ್ಕದಲ್ಲಿ ಕೆಲವೆಡೆ ಎರಡು ಕಂಬಗಳ ಮೇಲೆ ಅಡ್ಡ ಚಪ್ಪಡಿ ಇಟ್ಟ ಹೊರೆಕಲ್ಲುಗಳು ಕಾಣಸಿಗುತ್ತವೆ. ಅದರ ಎತ್ತರ ಹೆಚ್ಚು ಕಡಿಮೆ ಮನುಷ್ಯನ ಹೆಗಲಿನಷ್ಟು. ತಲೆಹೊರೆ ಹೊತ್ತು ಒಬ್ಬಂಟಿಯಾಗಿ ಬರುವವರು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೊರಡಬಹುದಿತ್ತು. ತಮಿಳುನಾಡಿನಲ್ಲಿ ಇಂಥ ಕಲ್ಲುಗಳನ್ನು ಹೆರದೆ, ಬಸುರಿಯಾಗಿಯೇ ತೀರಿಕೊಂಡ ಹೆಂಗಸರ ನೆನಪಿಗೆ ನಿಲ್ಲಿಸುತ್ತಿದ್ದರು. ತನ್ನ ಹೊರೆ ಇಳಿಸಲಾಗದೆ ಹೋದವಳ ಹೆಸರಿನಲ್ಲಿ ದಾರಿಹೋಕರ ಹೊರೆ ಇಳಿಯಲಿ ಎಂದು. ನಮ್ಮ ಕಡೆಯ ಅರವಟ್ಟಿಗೆಗಳೂ ಹಾಗೆಯೇ. ಯಾರಿಗೆ ಬಾಯಾರಿಕೆ ಎಂದು ಗೊತ್ತಾಗುವ ಮೊದಲೇ ನೀರು ತುಂಬಿಟ್ಟಿರುತ್ತಾರೆ. ಕಳಸದ ಆಚೆ ಹೊರನಾಡಿನ ಅನ್ನಪೂರ್ಣೇಶ್ವರಿಯ ಗುಡಿಯಲ್ಲಿ ಬಂದವರಿಗೆಲ್ಲ ಊಟ ಹಾಕುತ್ತಾರೆ. ಹಸಿದವರು ಇಂಥವರೇ ಎಂದು ಗುರುತಿಸಿ ಆಮೇಲೆ ಒಲೆ ಹಚ್ಚುವುದಿಲ್ಲ.

ಕಾನೂನು ಕೂಡ ತಡವಾಗಿಯಾದರೂ ಈ ದಾರಿಗೆ ಬಂದಿದೆ. ಅಪಘಾತದಲ್ಲಿ ಬಿದ್ದವರನ್ನು ಎತ್ತಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಲ್ಲ ಎಂಬ ಹೆದರಿಕೆ ಬಹಳ ಜನರನ್ನು ನಿಲ್ಲಿಸದೆ ಓಡಿಸುತ್ತಿತ್ತು. 2016ರಲ್ಲಿ ಸುಪ್ರೀಂ ಕೋರ್ಟು ಅಂಥ ಸಹಾಯಕರ ರಕ್ಷಣೆಯ ನಿಯಮಗಳಿಗೆ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 134ಎ ಎಂಬ ಕಲಮು ಸೇರಿತು. ಅಪಘಾತದಲ್ಲಿ ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಇದನ್ನು ನಿಮ್ಮ ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿ. ಹೆದರಿಕೆ ಕಡಿಮೆಯಾದರೆ ಆ 3 ಸೆಕೆಂಡಿನಲ್ಲಿ ತೀರ್ಮಾನಿಸುವುದು ಅಷ್ಟರಮಟ್ಟಿಗೆ ಸುಲಭವಾಗುತ್ತದೆ.

ಹೊರೆಕಲ್ಲು, ಅರವಟ್ಟಿಗೆ, ಕಾನೂನು ಇವೆಲ್ಲ ಹೇಳುವುದು ಒಂದೇ ಮಾತು. ಕಷ್ಟ ಎದುರಾದ ಕ್ಷಣದಲ್ಲಿ ಒಳ್ಳೆಯವರಾಗುತ್ತೇವೆ ಎಂದು ನಂಬಿ ಕೂರಬಾರದು, ಆ ಕ್ಷಣ ತೀರ ಚಿಕ್ಕದು. ಅದಕ್ಕೆ ಬೇಕಾದ ಜಾಗವನ್ನು ಮೊದಲೇ ಕಟ್ಟಿಟ್ಟಿರಬೇಕು. ಅತಿಥಿಗೆಂದು ಒಂದು ಹಿಡಿ ಅಕ್ಕಿ ಹೆಚ್ಚು ಹಾಕುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಇದು ಗೊತ್ತಿತ್ತು. ಯಾರು ಬರುತ್ತಾರೆಂದು ತಿಳಿದು ಹಾಕುತ್ತಿದ್ದುದಲ್ಲ. ಎಷ್ಟೋ ದಿನ ಯಾರೂ ಬರುತ್ತಿರಲಿಲ್ಲ, ಮಾರನೆಯ ದಿನ ಚಿತ್ರಾನ್ನವಾಗುತ್ತಿತ್ತು. ಹೊತ್ತಿನ ವಿಷಯದಲ್ಲೂ ಅಂಥ ಒಂದು ಹಿಡಿ ಹೆಚ್ಚು ಹಾಕುವುದು, ಹಾಕಬಲ್ಲವರಿಗೆ, ಒಂದು ಕರ್ತವ್ಯವೇ ಎಂದು ನನಗೆ ಈಚೆಗೆ ಅನ್ನಿಸುತ್ತಿದೆ. ಹಾಕಲಾರದವರ ಅವಸರವನ್ನು ಕಡಿಮೆ ಮಾಡುವುದು ಉಳಿದವರ ಕರ್ತವ್ಯ. ಕೆಲಸಕ್ಕೆ ಬರುವವಳು ಹತ್ತು ನಿಮಿಷ ತಡವಾಗಿ ಬಂದಾಗ ಗಡಿಯಾರ ನೋಡುವ ಮುಂಚೆ ಅವಳ ಮುಖ ನೋಡಿದರೂ ಅದರಲ್ಲಿ ಒಂದು ಪಾಲು ಸಂದಂತೆ.

ನಾನು ಈಗ ಮನೆಯಿಂದ ಎಂಟೂ ಇಪ್ಪತ್ತಕ್ಕೆ ಹೊರಡುತ್ತೇನೆ. ಎಂಟೂವರೆಗೆ ಹೊರಟರೂ ಶಾಲೆಯ ಗಂಟೆ ಸಿಗುತ್ತದೆ. ಮಧ್ಯದ ಹತ್ತು ನಿಮಿಷಕ್ಕಾಗಿ ಮನೆಯಲ್ಲಿ ದೋಸೆ ಹುಯ್ಯುವ ಕೆಲಸ ಯಜಮಾನರ ಪಾಲಿಗೆ ಹೋಗಿದೆ. ಮೊದಮೊದಲು ಮೂಲೆ ಮೂಲೆ ಕರಗುತ್ತಿತ್ತು, ಈಗ ಪರವಾಗಿಲ್ಲ, ದುಂಡಗೆ ಬರುತ್ತಿದೆ. ಬಹಳಷ್ಟು ದಿನ ಆ ಹತ್ತು ನಿಮಿಷ ಯಾರಿಗೂ ಬೇಕಾಗುವುದಿಲ್ಲ. ಅಂಥ ದಿನ ಶಾಲೆಗೆ ಬೇಗ ಮುಟ್ಟಿ, ಬೀಗ ತೆಗೆದು, ಮಕ್ಕಳು ಬರುವ ತನಕ ಮೆಟ್ಟಿಲ ಮೇಲೆ ಕೂತಿರುತ್ತೇನೆ.